ಆ ಹತ್ತು ನಿಮಿಷ

ಪ್ರಾರಂಭದಲ್ಲಿಯೇ ವಾಚಕರಿಗೆ ಒಂದು ಎಚ್ಚರಿಕೆ ಕೊಡುವುದು ನನ್ನ ಕರ್ತವ್ಯ. ಈ ವಾರ ನಾನು ಒಂದು ಪತ್ತೇದಾರಿ ಕಾದಂಬರಿಯ ಗುಟ್ಟನ್ನು ರಟ್ಟು ಮಾಡಲಿದ್ದೇನೆ. ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಎಂಬ ಕೃತಿಯನ್ನು ಇನ್ನೂ ಓದದೆ, ಎಂದಾದರೊಂದು ದಿನ ಓದಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಹಾಳೆ ಮಗುಚಿ, ಧಾರಾವಾಹಿಯ ಕಡೆಗೆ ಹೋಗಬೇಕು. ಆ ಪುಸ್ತಕ ಅಚ್ಚಾದದ್ದು 1926ರಲ್ಲಿ. ಅಷ್ಟು ಹಳೆಯ ಗುಟ್ಟನ್ನು ಹೇಳಿದರೆ ಏನು ಮಹಾ ಪಾಪ ಎಂದು ಕೇಳುವವರಿದ್ದಾರೆ. ಆದರೆ ಗುಟ್ಟಿಗೆ ವಯಸ್ಸಾಗುವುದಿಲ್ಲ. ಕೇಳದವನ ಪಾಲಿಗೆ ಅದು ಈ ಬೆಳಗ್ಗೆ ಹುಟ್ಟಿದ್ದು.

ಕೊಲೆಗಾರನ ಹೆಸರನ್ನು ಮುಂಚಿತವಾಗಿ ಹೇಳಿಬಿಡುವುದರಲ್ಲಿ ಕೆಲವರಿಗೆ ಒಂದು ಬಗೆಯ ರಾಕ್ಷಸ ಸಂತೋಷವಿರಬೇಕು. ಬೀದಿಗೊಂದು ಬಾಡಿಗೆ ಪುಸ್ತಕದಂಗಡಿಯಿದ್ದ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಕೈಯಿಂದ ಕೈಗೆ ಹೋಗಿ, ರಟ್ಟು ಕಳಚಿ, ದಾರ ಸಡಿಲಿ, ಎಣ್ಣೆಯ ಕಲೆಗಳಿಂದ ಅಲಂಕೃತವಾಗಿ ನಮ್ಮ ಹಿರಿಯರ ಮನೆಗಳನ್ನು ಸೇರುತ್ತಿದ್ದುವು. (ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದನ್ನು ಇಂದು ನೆನೆಯುವವರು ವಿರಳ.) ಅಂತಹ ಪುಸ್ತಕಗಳಲ್ಲಿ ಕಡೆಯ ಹಾಳೆ ಹರಿದಿದ್ದರೆ ಅದು ದೈವೇಚ್ಛೆ, ಸಹಿಸಬಹುದು. ಆದರೆ ಎರಡನೆಯ ಪುಟದಲ್ಲಿಯೇ ಒಂದು ಹೆಸರಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಇವನೇ!’ ಎಂದು ಬರೆದಿಟ್ಟ ಪುಣ್ಯಾತ್ಮನನ್ನು ಏನೆನ್ನೋಣ? ಆತನ ಸಂತತಿ ಇನ್ನೂ ಅಳಿದಿಲ್ಲ. ನಮ್ಮ ಓದುಗರ ಕೂಟಕ್ಕೆ ಬಂದ ಪ್ರತಿಗಳಲ್ಲಿ ಒಂದು ಹಳೆಯ ಪುಸ್ತಕದಂಗಡಿಯಿಂದ ಕೊಂಡು ತಂದದ್ದು. ಅದರಲ್ಲಿಯೂ ಸೀಸದಕಡ್ಡಿಯ ಆ ಗೆರೆಯಿತ್ತು. ಅದು ಯಾರ ಪಾಲಿಗೆ ಬಂತು, ಬಂದು ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕೂಟವೆಂದರೆ ಬಹಳ ದೊಡ್ಡದಲ್ಲ. ತಿಂಗಳಿಗೊಮ್ಮೆ, ಭಾನುವಾರದ ಸಂಜೆ, ಹತ್ತು ಹನ್ನೆರಡು ಮಂದಿ ಒಬ್ಬರ ಮನೆಯ ನಡುಮನೆಯಲ್ಲಿ ಸೇರುತ್ತೇವೆ. ಕಾಫಿ ಮನೆಯವರದು, ಮಾತು ನಮ್ಮದು. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಹಿಳೆಯೊಬ್ಬರು ಈ ಸಲ ಪತ್ತೇದಾರಿ ಕಾದಂಬರಿಯೊಂದನ್ನು ಓದೋಣವೆಂದಾಗ ಕೆಲವರ ಹುಬ್ಬು ಮೇಲೇರಿತು. “ಮೇಷ್ಟ್ರೆ, ಪಂಪ ರನ್ನರನ್ನು ಪಾಠ ಹೇಳುವ ತಾವು ಇದಕ್ಕೆ ಒಪ್ಪುತ್ತೀರಾ?” ಎಂದು ನನ್ನನ್ನೇ ಕೇಳಿದರು. ನಾನು ಸಂತೋಷದಿಂದ ಒಪ್ಪಿದೆ. ರನ್ನನ ಹೆಸರನ್ನು ಅವರು ಎತ್ತಿದ್ದು ಮುಂದೆ ನನಗೆ ಉಪಯೋಗಕ್ಕೆ ಬಂತು.

ಕಥೆ ಹೀಗಿದೆ. ಇಂಗ್ಲೆಂಡಿನ ಕಿಂಗ್ಸ್ ಆಬಟ್ ಎಂಬ ಹಳ್ಳಿ. ಅಲ್ಲಿನ ವೈದ್ಯ ಡಾಕ್ಟರ್ ಶೆಪರ್ಡ್, ಮದುವೆಯಿಲ್ಲ, ತನಗಿಂತ ಹಿರಿಯಳೂ ಅವಿವಾಹಿತೆಯೂ ಆದ ಅಕ್ಕ ಕ್ಯಾರೊಲೈನಳೊಡನೆ ವಾಸ. ಊರಿನ ಸಮಸ್ತ ಸುದ್ದಿಯೂ ಈ ಅಕ್ಕನಿಗೆ ಕುಳಿತಲ್ಲಿಗೇ ಬರುತ್ತದೆ. ಫೆರರ್ಸ್ ಎಂಬ ವಿಧವೆಯೊಬ್ಬಳು ನಿದ್ರೆಯ ಔಷಧವನ್ನು ಮಿತಿಮೀರಿ ಸೇವಿಸಿ ಸಾಯುತ್ತಾಳೆ. ಆಕೆ ಹಿಂದೆ ತನ್ನ ಕುಡುಕ ಗಂಡನಿಗೆ ವಿಷವಿಕ್ಕಿದ್ದಳು. ಅದನ್ನು ತಿಳಿದ ಯಾರೋ ಒಬ್ಬರು ಒಂದು ವರ್ಷದಿಂದ ಆಕೆಯನ್ನು ಬೆದರಿಸಿ ಹಣ ಕೀಳುತ್ತಿದ್ದರು. ಆಕೆಯನ್ನು ಮದುವೆಯಾಗಬೇಕೆಂದಿದ್ದ ಸಿರಿವಂತ ರೋಜರ್ ಆಕ್ರಾಯ್ಡ್‌ನಿಗೆ, ಆಕೆ ಸತ್ತ ಮೇಲೆ, ಆಕೆಯದೇ ಒಂದು ಪತ್ರ ಬರುತ್ತದೆ. ಹಣ ಕಿತ್ತವನ ಹೆಸರು ಅದರಲ್ಲಿದೆ. ಆ ರಾತ್ರಿಯೇ ಆಕ್ರಾಯ್ಡ್ ತನ್ನ ಓದುವ ಕೋಣೆಯಲ್ಲಿ ಇರಿತದಿಂದ ಸಾಯುತ್ತಾನೆ. ಪತ್ರ ಮಾಯವಾಗುತ್ತದೆ. ಸಾಕುಮಗ, ತಮ್ಮನ ಮಗಳು, ಬಟ್ಲರ್, ಕಾರ್ಯದರ್ಶಿ, ಮನೆವಾರ್ತೆಯವಳು, ಹೀಗೆ ಮನೆಯಲ್ಲಿ ಸಂಶಯಕ್ಕೆ ಅರ್ಹರಾದವರಿಗೆ ಕೊರತೆಯಿಲ್ಲ. ಪ್ರತಿಯೊಬ್ಬರ ಸೆರಗಿನಲ್ಲಿಯೂ ಒಂದೊಂದು ಗುಟ್ಟಿನ ಗಂಟು. ಪಕ್ಕದ ಮನೆಯಲ್ಲಿ, ಉದ್ಯೋಗದಿಂದ ನಿವೃತ್ತನಾಗಿ ಕುಂಬಳದ ಜಾತಿಯ ಯಾವುದೋ ಕಾಯಿ ಬೆಳೆಯುತ್ತ, ಬೇಸರ ತಡೆಯಲಾರದೆ ಒಂದು ಕಾಯಿಯನ್ನು ಗೋಡೆಯಾಚೆಗೆ ಎಸೆಯುವ ಮುದುಕನೊಬ್ಬನಿದ್ದಾನೆ. ಅವನೇ ಹರ್ಕ್ಯೂಲ್ ಪ್ವಾರೋ.

ಇದೆಲ್ಲವನ್ನೂ ನಮಗೆ ಹೇಳುತ್ತಿರುವವನು ಡಾಕ್ಟರ್ ಶೆಪರ್ಡ್. ಆತನ ಮಾತಿನಲ್ಲಿ ತೂಕವಿದೆ, ತಿಳಿಹಾಸ್ಯವಿದೆ. ಅಕ್ಕನನ್ನು ಕುರಿತು ಹೇಳುವಾಗ ಬೇಸರದೊಳಗೇ ಒಂದು ಅಕ್ಕರೆಯಿದೆ. ಕ್ರಿಸ್ಟಿಯವರ 1920ರ ಮೊದಲ ಕಾದಂಬರಿಯಲ್ಲಿಯೂ 1923ರ ಇನ್ನೊಂದರಲ್ಲಿಯೂ ಪ್ವಾರೋವಿನ ಕಥೆಯನ್ನು ಹೇಳಿದವನು ಆತನ ಗೆಳೆಯ ಹೇಸ್ಟಿಂಗ್ಸ್. ಈಗ ಅವನು ಅರ್ಜೆಂಟೀನಕ್ಕೆ ಹೋಗಿದ್ದಾನೆ. ಆ ಸ್ಥಾನದಲ್ಲಿ ವೈದ್ಯ ಬಂದು ಕುಳಿತಿದ್ದಾನೆ. ಷರ್ಲಾಕ್ ಹೋಮ್ಸನ ಮಗ್ಗುಲಲ್ಲಿ ಡಾಕ್ಟರ್ ವಾಟ್ಸನ್ ಕುಳಿತಂತೆಯೇ ಸರಿ ಎಂದು ವಾಚಕ ತೃಪ್ತನಾಗುತ್ತಾನೆ.

ಆ ವೈದ್ಯನೇ ಕೊಲೆಗಾರ.

ಕಥೆ ಹೇಳುವವನೇ ಕೊಂದವನು! ಹಣ ಕಿತ್ತವನೂ ಅವನೇ. ಇದು ತಿಳಿಯುವುದು ಕಡೆಯ ಎರಡು ಮೂರು ಅಧ್ಯಾಯಗಳಲ್ಲಿ. ಈ ಉಪಾಯವನ್ನು ಸೂಚಿಸಿದವರು ಇಬ್ಬರು ಎಂದು ಕ್ರಿಸ್ಟಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ: ಒಬ್ಬರು ಅವರ ಅಕ್ಕನ ಗಂಡ ಜೇಮ್ಸ್ ವಾಟ್ಸ್, ಮತ್ತೊಬ್ಬರು ಲಾರ್ಡ್ ಮೌಂಟ್‌ಬ್ಯಾಟನ್. ಹೌದು, 1947ರಲ್ಲಿ ನಮ್ಮ ದೇಶದ ಕಡೆಯ ವೈಸರಾಯರಾಗಿದ್ದವರೇ.

ನಮ್ಮ ಕೂಟದಲ್ಲಿ ಮೊದಲು ಸಿಡಿದವರು ಗಣಿತದ ಅಧ್ಯಾಪಕಿಯೊಬ್ಬರು. “ಇದು ಮೋಸ” ಎಂದರು. “ನಾನು ಮಕ್ಕಳಿಗೆ ಲೆಕ್ಕ ಕೊಡುತ್ತೇನೆ. ಎಷ್ಟೇ ಕಷ್ಟದ ಲೆಕ್ಕವಿರಲಿ, ಬೇಕಾದ ಸಂಖ್ಯೆಗಳೆಲ್ಲ ಪ್ರಶ್ನೆಯಲ್ಲಿಯೇ ಇರುತ್ತವೆ. ಒಂದು ಸಂಖ್ಯೆಯನ್ನು ನನ್ನ ಕೈಚೀಲದಲ್ಲಿ ಬಚ್ಚಿಟ್ಟು ಉತ್ತರ ಹೇಳಿ ಎಂದರೆ ಅದು ಲೆಕ್ಕವೆ? ಈ ಮನುಷ್ಯ ಕೈಹಿಡಿದು ಮನೆಯೆಲ್ಲ ತೋರಿಸಿದ, ನಾನು ನಂಬಿದೆ. ನಂಬಿದ್ದೇ ತಪ್ಪು ಎಂದರೆ ಇನ್ನು ಯಾವ ಪುಸ್ತಕವನ್ನು ಹೇಗೆ ಓದಬೇಕು?”

ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಪುಸ್ತಕ ಹೊರಬಂದಾಗ ಇಂಗ್ಲೆಂಡಿನಲ್ಲಿ ಎದ್ದ ಕೂಗೂ ಇದೇ. ಕೆಲವು ವಿಮರ್ಶಕರು ಕೋಪಗೊಂಡರು. ಡೊರೊತಿ ಸೇಯರ್ಸ್ ಮಾತ್ರ, ತಾವೂ ಪತ್ತೇದಾರಿ ಕಥೆಗಳನ್ನು ಬರೆಯುವವರಾಗಿ, ಎಲ್ಲರನ್ನೂ ಸಂಶಯಿಸುವುದು ಓದುಗನ ಕೆಲಸ ಎಂದು ಕ್ರಿಸ್ಟಿಯವರ ಪಕ್ಷ ವಹಿಸಿದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಗಳು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ವಿಧಿಸಿದರು. ಅವುಗಳಲ್ಲಿ ಮೊದಲನೆಯದೇ ಇದು: ಅಪರಾಧಿ ಕಥೆಯ ಆದಿಭಾಗದಲ್ಲಿಯೇ ಕಾಣಿಸಿಕೊಳ್ಳಬೇಕು, ಆದರೆ ಯಾವನ ಮನಸ್ಸಿನ ಆಲೋಚನೆಗಳನ್ನು ಓದುಗ ಅನುಸರಿಸಿ ಬಂದಿದ್ದಾನೆಯೋ ಅಂಥವನು ಅಪರಾಧಿಯಾಗಕೂಡದು. ಪತ್ತೇದಾರನ ಗೆಳೆಯನಾದ ವಾಟ್ಸನ್ ತನ್ನ ತಲೆಯಲ್ಲಿ ಹಾಯ್ದ ಯಾವ ಯೋಚನೆಯನ್ನೂ ಮುಚ್ಚಿಡಕೂಡದು ಎಂಬುದು ಇನ್ನೊಂದು. ದನ ಮೇಯ್ದು ಹೋದ ಮೇಲೆ ಬೇಲಿ ಹಾಕಿದಂತಾಯಿತು ಎನ್ನಿ. 1930ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರು ಸೇರಿ ‘ಡಿಟೆಕ್ಷನ್ ಕ್ಲಬ್’ ಎಂಬ ಸಂಘವನ್ನು ಕಟ್ಟಿಕೊಂಡರು; ಜಿ. ಕೆ. ಚೆಸ್ಟರ್‌ಟನ್ ಅದರ ಮೊದಲ ಅಧ್ಯಕ್ಷರು. ಸದಸ್ಯರಾಗುವವರು ತಲೆಬುರುಡೆಯೊಂದರ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕಾಗಿತ್ತು: ನನ್ನ ಪತ್ತೇದಾರರು ಬುದ್ಧಿಬಲದಿಂದಲೇ ಗುಟ್ಟನ್ನು ಬಿಡಿಸುವರು, ದೈವವಾಣಿ, ಮಂತ್ರತಂತ್ರ, ಆಕಸ್ಮಿಕ ಇವುಗಳನ್ನು ಆಶ್ರಯಿಸುವುದಿಲ್ಲ, ಓದುಗನಿಂದ ಮುಖ್ಯ ಸುಳಿವನ್ನು ಬಚ್ಚಿಡುವುದಿಲ್ಲ ಎಂದು. ವಿನೋದವೇನೆಂದರೆ, ಕಟ್ಟಳೆ ಮುರಿದವರೆಂದು ಹೆಸರಾದ ಕ್ರಿಸ್ಟಿಯವರೇ 1957ರಲ್ಲಿ ಅದೇ ಸಂಘದ ಅಧ್ಯಕ್ಷ ಪೀಠವನ್ನೇರಿ, 1976ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು.

ಅಧ್ಯಾಪಕಿಯವರಿಗೆ ಉತ್ತರ ಕೊಟ್ಟವರು ನಮ್ಮಲ್ಲಿ ಎಲ್ಲರಿಗಿಂತ ಮೆಲ್ಲಗೆ ಮಾತನಾಡುವ, ನಿವೃತ್ತ ನ್ಯಾಯಾಧೀಶರಾದ ರಾಯರು. ಅವರು ಕನ್ನಡಕವನ್ನು ಒರೆಸಿಕೊಂಡು, ಪುಸ್ತಕದಲ್ಲಿ ಗುರುತಿಟ್ಟಿದ್ದ ಹಾಳೆಯನ್ನು ಬಿಡಿಸಿದರು. ಆ ರಾತ್ರಿ ವೈದ್ಯ ಆಕ್ರಾಯ್ಡ್‌ನೊಡನೆ ಕುಳಿತಿದ್ದಾನೆ. ಬಟ್ಲರ್ ಪತ್ರವನ್ನು ತಂದುಕೊಟ್ಟಾಗ ಗಂಟೆ ಎಂಟು ನಲವತ್ತು. ಆಕ್ರಾಯ್ಡ್ ಒಂದಿಷ್ಟು ಓದಿ, ಉಳಿದುದನ್ನು ಒಬ್ಬನೇ ಓದುತ್ತೇನೆಂದು ನಿಲ್ಲಿಸುತ್ತಾನೆ. ವೈದ್ಯ ಹೊರಡುವಾಗ ಎಂಟು ಐವತ್ತು. ಪತ್ರ ಇನ್ನೂ ಹಾಗೆಯೇ ಇದೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಹಿಂದಿರುಗಿ ನೋಡಿ, ಮಾಡಬೇಕಾದುದು ಏನಾದರೂ ಉಳಿದಿದೆಯೇ ಎಂದು ಒಂದು ಕ್ಷಣ ಯೋಚಿಸಿದೆನೆಂದು ಅವನೇ ಬರೆಯುತ್ತಾನೆ. ಏನೂ ತೋಚದೆ ಹೊರಗೆ ಬರುತ್ತಾನೆ.

“ನೋಡಿ, ಮೊದಲ ಸಲ ಓದುವಾಗ ಇದು ಸ್ನೇಹಿತನೊಬ್ಬನ ಕಳಕಳಿ. ಎರಡನೆಯ ಸಲ ಓದುವಾಗ ಕೊಲೆ ಮಾಡಿದವನು ಕೋಣೆಯನ್ನೊಮ್ಮೆ ಪರೀಕ್ಷಿಸುವ ನೋಟ. ಅಕ್ಷರ ಒಂದೂ ಬದಲಾಗಿಲ್ಲ. ನಲವತ್ತಕ್ಕೆ ಪತ್ರ ಬಂತು, ಐವತ್ತಕ್ಕೆ ನಾನು ಹೊರಟೆ ಎನ್ನುತ್ತಾನೆ. ನಡುವಿನ ಹತ್ತು ನಿಮಿಷ ಏನಾಯಿತೆಂದು ನಾವು ಕೇಳಲಿಲ್ಲ. ಕೇಳದಿದ್ದುದಕ್ಕೆ ಅವನು ಹೇಳಲಿಲ್ಲ” ಎಂದರು ರಾಯರು. ಸ್ವಲ್ಪ ತಡೆದು ಮತ್ತೆ ಹೇಳಿದರು: “ಮೂವತ್ತು ವರ್ಷ ಜನರ ಹೇಳಿಕೆಗಳನ್ನು ಕೇಳಿದವನು ನಾನು. ಹಸಿಹಸಿ ಸುಳ್ಳು ಹೇಳುವವರನ್ನು ಹಿಡಿಯುವುದು ಸುಲಭ. ಹೇಳಿದ್ದೆಲ್ಲ ನಿಜವಾಗಿದ್ದು, ನಡುವೆ ಒಂದು ಹತ್ತು ನಿಮಿಷ ಕಾಣೆಯಾಗಿರುವ ಹೇಳಿಕೆಯೇ ಕಷ್ಟ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯ ದ್ರೋಣನಿಗೆ ಹೇಳಿದ ಮಾತಿನಲ್ಲಿ ಸುಳ್ಳೆಂಬ ಅಕ್ಷರ ಯಾವುದು, ಮೇಷ್ಟ್ರೆ?”

“ಅಕ್ಷರ ಸುಳ್ಳಿಲ್ಲ. ಆದರೆ ನಾಲ್ಕು ಬೆರಳು ಮೇಲೆ ಹೋಗುತ್ತಿದ್ದ ರಥ ನೆಲಕ್ಕೆ ಇಳಿಯಿತು” ಎಂದೆ.

“ಅಷ್ಟೇ. ಶೆಪರ್ಡನ ರಥವೂ ಇಳಿದದ್ದು ಅಲ್ಲಿಯೇ.”

ಅಧ್ಯಾಪಕಿಯವರು ಸೋಲುವವರಲ್ಲ. ಹಾಳೆ ತಿರುವಿ ತಿರುವಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದಲ್ಲಿ ಕೋಪ ಇಳಿದು, ಲೆಕ್ಕ ಹಿಡಿದವರ ಕಳೆ ಬಂತು. ವೈದ್ಯ ಮನೆಯ ಬಾಗಿಲು ಬಿಟ್ಟದ್ದು ಎಂಟು ಐವತ್ತಕ್ಕೆ. ತೋಟದ ಹೊರಗೇಟನ್ನು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯುತ್ತದೆ. ಬಾಗಿಲಿನಿಂದ ಗೇಟಿಗೆ ಐದು ನಿಮಿಷದ ದಾರಿ. ಪ್ವಾರೋ ಹಿಡಿದ ದಾರವೇ ಅದು: ಐದು ನಿಮಿಷದ ದಾರಿಗೆ ಹತ್ತು ನಿಮಿಷ ಏಕಾಯಿತು? ಉಳಿದ ಐದು ನಿಮಿಷದಲ್ಲಿ ಅವನು ಹೊರಗಿನಿಂದ ಸುತ್ತಿ ಬಂದು, ಕಿಟಕಿಯ ಮೂಲಕ ಕೋಣೆಯನ್ನು ಹೊಕ್ಕು, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ್ದ. “ಸಂಖ್ಯೆ ಕೊಟ್ಟಿದ್ದಾರೆ, ನಾನು ಕಳೆದು ನೋಡಲಿಲ್ಲ” ಎಂದರು ಅಧ್ಯಾಪಕಿಯವರು, ಮರುಕ್ಷಣವೇ, “ಆದರೂ ನನಗೆ ಇದು ಒಪ್ಪಿಗೆಯಿಲ್ಲ. ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಮನುಷ್ಯ ಸರಿಯಾದಂತಾಯಿತೆ?” ಎಂದರು. ಇದಕ್ಕೆ ರಾಯರ ಬಳಿಯೂ ಉತ್ತರವಿರಲಿಲ್ಲ.

ನನ್ನ ಮತವನ್ನು ಇಲ್ಲಿ ಹೇಳಿಬಿಡುತ್ತೇನೆ. ಕೊನೆಯಲ್ಲಿ ತಿರುವು ಕೊಡುವುದು ದೊಡ್ಡ ವಿದ್ಯೆಯಲ್ಲ. ಸತ್ತನೆಂದುಕೊಂಡವನನ್ನು ಎಬ್ಬಿಸಿ ಕೂರಿಸಬಹುದು. ಅವಳಿ ತಮ್ಮನೊಬ್ಬನನ್ನು ರೈಲಿನಿಂದ ಇಳಿಸಬಹುದು. ಎಲ್ಲವೂ ಕನಸು ಎನ್ನಬಹುದು. ಅಂಥ ತಿರುವು ಓದುಗನನ್ನು ಬೆಚ್ಚಿಬೀಳಿಸಿ ಅಲ್ಲಿಗೇ ಬಿಟ್ಟುಬಿಡುತ್ತದೆ; ಹಿಂದಿನ ಪುಟಗಳಿಗೆ ಅದರಿಂದ ಏನೂ ಲಾಭವಿಲ್ಲ. ಆಕ್ರಾಯ್ಡ್‌ನ ತಿರುವಾದರೋ ಹಿಂದಿನ ಪ್ರತಿಯೊಂದು ಪುಟವನ್ನೂ ಮತ್ತೆ ಬರೆಯುತ್ತದೆ. ನಮ್ಮ ರನ್ನ ಗದಾಯುದ್ಧವನ್ನು ಸಿಂಹಾವಲೋಕನ ಕ್ರಮದಲ್ಲಿ ಹೇಳಿದ. ಸಿಂಹ ಮುಂದೆ ನಡೆಯುತ್ತ ನಡೆಯುತ್ತ ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುವಂತೆ, ಯುದ್ಧದ ಕಡೆಯ ದಿನದ ಕಥೆಯನ್ನು ಹಿಡಿದು ಇಡೀ ಭಾರತವನ್ನು ಹಿನ್ನೋಟದಲ್ಲಿ ಅಡಗಿಸಿದ. ದುರ್ಯೋಧನ ಬೀಳುತ್ತಾನೆಂಬುದು ಕೇಳುವ ಮಗುವಿಗೂ ಗೊತ್ತು. ಗೊತ್ತಿರುವುದರಿಂದಲೇ ಆತನ ಒಂದೊಂದು ಮಾತೂ ಎದೆಗೆ ತಾಗುತ್ತದೆ. ಕ್ರಿಸ್ಟಿಯವರ ಪುಸ್ತಕವನ್ನು ರನ್ನನ ಕಾವ್ಯದ ಪಕ್ಕದಲ್ಲಿ ಇಡುವಷ್ಟು ಧೈರ್ಯ ನನಗಿಲ್ಲ, ಇಡಬೇಕಾಗಿಯೂ ಇಲ್ಲ. ಆದರೆ ಅದನ್ನು ಓದಬೇಕಾದ ಕ್ರಮ ಅದೇ: ತುದಿ ಮುಟ್ಟಿ, ಕತ್ತು ಹೊರಳಿಸಿ.

ಇದಕ್ಕೆ ಸಾಕ್ಷಿ ನಮ್ಮ ಕೂಟದಲ್ಲಿಯೇ ಸಿಕ್ಕಿತು. ಸೀಸದಕಡ್ಡಿಯ ಗೆರೆಯಿದ್ದ ಆ ಹಾಳು ಪ್ರತಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬನ ಕೈಗೆ ಬಿದ್ದಿತ್ತು. ಮೊದಲ ಅಧ್ಯಾಯದಲ್ಲಿಯೇ ಅವನಿಗೆ ಗುಟ್ಟು ತಿಳಿದುಹೋಯಿತು. ನಾವೆಲ್ಲ ಅಯ್ಯೋ ಪಾಪವೆಂದೆವು. ಆದರೆ ಹನ್ನೆರಡು ಮಂದಿಯಲ್ಲಿ ಪುಸ್ತಕವನ್ನು ಅತ್ಯಂತ ನಿಕಟವಾಗಿ ಓದಿದವನು ಅವನೇ ಎಂಬುದು ಬೇಗನೆ ಸ್ಪಷ್ಟವಾಯಿತು. ವೈದ್ಯ ತನ್ನ ಮನೆಯಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಪುಟ್ಟ ಕಾರ್ಯಾಗಾರವನ್ನು ಇಟ್ಟುಕೊಂಡಿರುವುದನ್ನೂ, ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯ ಷೇರುಗಳಲ್ಲಿ ಹಣ ಕಳೆದುಕೊಂಡಿರುವುದನ್ನೂ ತಾನಾಗಿಯೇ ಹೇಳಿಕೊಳ್ಳುತ್ತಾನೆ. ನಾವು ಅವುಗಳನ್ನು ಹಳ್ಳಿಯ ವೈದ್ಯನ ಮನೆವಾರ್ತೆಯೆಂದು ದಾಟಿಹೋಗಿದ್ದೆವು. ಹುಡುಗ ಒಂದೊಂದನ್ನೂ ಗುರುತುಮಾಡಿಕೊಂಡು ಬಂದಿದ್ದ. “ನನಗೆ ಯಾರು ಎಂಬ ಕುತೂಹಲ ಇರಲಿಲ್ಲ ಸರ್. ಇವನು ಈ ವಾಕ್ಯವನ್ನು ಹೇಗೆ ದಾಟುತ್ತಾನೆ ಎಂಬ ಕುತೂಹಲವೇ ಇತ್ತು. ಹಗ್ಗದ ಮೇಲೆ ನಡೆಯುವವನನ್ನು ನೋಡಿದಂತೆ” ಎಂದ.

ಈ ಕಾದಂಬರಿ ಪುಸ್ತಕವಾಗುವ ಮೊದಲು, 1925ರ ಜುಲೈಯಿಂದ ಸೆಪ್ಟೆಂಬರಿನವರೆಗೆ ಲಂಡನ್ನಿನ ‘ಈವನಿಂಗ್ ನ್ಯೂಸ್’ ಪತ್ರಿಕೆಯಲ್ಲಿ 54 ಕಂತುಗಳಲ್ಲಿ ಧಾರಾವಾಹಿಯಾಗಿ ಬಂದಿತ್ತು. ಧಾರಾವಾಹಿಯ ರುಚಿ ಬಲ್ಲ ನಮ್ಮ ವಾಚಕರು ಆ ಓದುಗರ ಪಾಡನ್ನು ಊಹಿಸಬಹುದು. ಆ ಹತ್ತು ನಿಮಿಷದ ವಾಕ್ಯ ಆರಂಭದ ಕಂತುಗಳಲ್ಲಿಯೇ ಬಂದುಹೋಗಿದೆ. ಗುಟ್ಟು ಬಯಲಾಗುವುದು ವಾರಗಳ ಮೇಲೆ. ಹಿಂದಿರುಗಿ ನೋಡೋಣವೆಂದರೆ ಆ ಹಾಳೆಯಲ್ಲಿ ಅಷ್ಟು ಹೊತ್ತಿಗೆ ಮೀನನ್ನೋ ಮಾಂಸವನ್ನೋ ಕಟ್ಟಿ ಕೊಟ್ಟಾಗಿರುತ್ತದೆ! ಕತ್ತರಿಸಿ ಇಟ್ಟುಕೊಂಡ ಜಾಣರು ಮಾತ್ರ ಬಚಾವಾದರು.

ಹಾಗೆಂದು ಪುಸ್ತಕದಲ್ಲಿ ಕುಂದೇ ಇಲ್ಲವೆನ್ನಲಾರೆ. ಸತ್ತವನ ದನಿಯನ್ನು ಡಿಕ್ಟಾಫೋನ್ ಎಂಬ ಯಂತ್ರದಿಂದ ಹೊರಡಿಸಿ, ಒಂಬತ್ತೂವರೆಗೆ ಅವನಿನ್ನೂ ಬದುಕಿದ್ದನೆಂದು ಮನೆಯವರನ್ನು ನಂಬಿಸುವುದು. ಯಂತ್ರ ಕಾಣದಂತೆ ಕುರ್ಚಿಯೊಂದನ್ನು ಅಡ್ಡ ಎಳೆಯುವುದು. ಮತ್ತೆ ಬರಲು ನೆಪ ಬೇಕೆಂದು ರೋಗಿಯೊಬ್ಬನಿಂದ ದೂರವಾಣಿ ಮಾಡಿಸಿಕೊಳ್ಳುವುದು. ಬಂದು ಯಂತ್ರವನ್ನು ಔಷಧದ ಚೀಲದಲ್ಲಿ ತುಂಬಿ ಒಯ್ಯುವುದು. ಇಷ್ಟು ಹಲ್ಲುಗಳಿರುವ ಚಕ್ರದಲ್ಲಿ ಒಂದು ಹಲ್ಲೂ ಮುರಿಯದೆ ತಿರುಗುವುದು ಕಾದಂಬರಿಯಲ್ಲಿ ಮಾತ್ರ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ನರು 1945ರಲ್ಲಿ ಪತ್ತೇದಾರಿ ಕಥೆಗಳನ್ನೆಲ್ಲ ಒಟ್ಟಾಗಿ ಹಳಿದು ಬರೆದ ಲೇಖನಕ್ಕೆ, ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು. ಈ ಡಿಕ್ಟಾಫೋನಿನ ಅಧ್ಯಾಯವೊಂದನ್ನೇ ಓದಿದರೆ ಅವರ ಬೇಸರ ನನಗೂ ಅರ್ಥವಾಗುತ್ತದೆ. ಆದರೂ 2013ರಲ್ಲಿ ಬ್ರಿಟನ್ನಿನ ಅಪರಾಧ ಕಥಾಲೇಖಕರ ಸಂಘದವರು ಮತ ಹಾಕಿ ಇದನ್ನೇ ಅತ್ಯುತ್ತಮ ಅಪರಾಧ ಕಾದಂಬರಿಯೆಂದು ಆರಿಸಿದರು. ಡಿಕ್ಟಾಫೋನಿಗಾಗಿ ಆರಿಸಿರಲಾರರು.

ಅಂದಿನ ಸಂಜೆ ಅತ್ಯಂತ ನೊಂದವರು ನಮ್ಮ ಡಾಕ್ಟರು. ಅವರು ಬಹಳ ಹೊತ್ತು ಏನೂ ಹೇಳಿರಲಿಲ್ಲ. ಕೊನೆಗೆ ಹೇಳಿದರು: “ನೀವೆಲ್ಲ ಇರಿತದ ಮಾತನ್ನೇ ಆಡುತ್ತಿದ್ದೀರಿ. ನನಗೆ ಅದು ದೊಡ್ಡದಾಗಿ ಕಾಣಲಿಲ್ಲ. ಆ ಹೆಂಗಸಿನ ಗಂಡ ಕಾಯಿಲೆ ಬಿದ್ದಾಗ ಚಿಕಿತ್ಸೆ ಮಾಡಿದವನು ಈ ಶೆಪರ್ಡ್. ಹಾಸಿಗೆಯ ಪಕ್ಕದಲ್ಲಿ ಕುಳಿತವನಿಗೆ ವಿಷದ ಸುಳಿವು ಸಿಕ್ಕಿತು. ಪೋಲೀಸಿನವರಿಗೆ ತಿಳಿಸಬಹುದಾಗಿತ್ತು, ಬಾಯಿ ಮುಚ್ಚಿಕೊಂಡಾದರೂ ಇರಬಹುದಾಗಿತ್ತು. ಅವನು ಅದನ್ನು ಮಾರಾಟಕ್ಕಿಟ್ಟ. ರೋಗಿಯ ಮನೆಯ ಗುಟ್ಟು ಮೊದಲು ತಿಳಿಯುವುದು ನಮಗೆ. ಆ ಮನೆಯವರು ನಮ್ಮನ್ನು ಒಳಕೋಣೆಗೆ ಬಿಡುವುದು ನಾವು ಕಂಡದ್ದನ್ನು ಹೊಸ್ತಿಲಲ್ಲೇ ಬಿಟ್ಟುಹೋಗುತ್ತೇವೆಂಬ ನಂಬಿಕೆಯಿಂದ.” ನಂಬಿದ್ದೇ ತಪ್ಪೆ ಎಂದು ಅಧ್ಯಾಪಕಿಯವರು ಎತ್ತಿದ ಪ್ರಶ್ನೆ ಇನ್ನೊಂದು ಬಾಗಿಲಿನಿಂದ ಒಳಕ್ಕೆ ಬಂದಂತಾಯಿತು. ಓದುಗ ವೈದ್ಯನ ಮಾತನ್ನು ನಂಬಿದ್ದೂ ಅವನು ವೈದ್ಯನೆಂಬ ಕಾರಣದಿಂದಲೇ ಅಲ್ಲವೆ? ಕ್ರಿಸ್ಟಿಯವರು ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸಮಾಡಿದವರು. ವೈದ್ಯರ ಮಾತಿಗೆ ಜನ ಎಷ್ಟು ಬೆಲೆ ಕೊಡುತ್ತಾರೆಂಬುದನ್ನು ಅವರು ಹತ್ತಿರದಿಂದ ನೋಡಿರಬೇಕು.

ಶೆಪರ್ಡ್ ಈ ಬರವಣಿಗೆಗೆ ತೊಡಗಿದ್ದೇ ಒಂದು ದುರಾಸೆಯಿಂದ. ಮಹಾ ಪತ್ತೇದಾರನ ಸೋಲನ್ನು ದಾಖಲೆ ಮಾಡಿ ಮುಂದೊಂದು ದಿನ ಪ್ರಕಟಿಸಬೇಕೆಂಬುದು ಅವನ ಎಣಿಕೆ. ಇಪ್ಪತ್ತು ಅಧ್ಯಾಯಗಳನ್ನು ಪ್ವಾರೋವಿನ ಕೈಗೆ ತಾನೇ ಕೊಡುತ್ತಾನೆ. ಮುದುಕ ಓದಿ, ನೀವು ನಿಮ್ಮನ್ನು ತೀರ ಹಿಂದೆ ನಿಲ್ಲಿಸಿಕೊಂಡಿದ್ದೀರಿ ಎಂಬರ್ಥದ ಹೊಗಳಿಕೆಯ ಮಾತಾಡುತ್ತಾನೆ. ಆ ಹೊಗಳಿಕೆಯೇ ಬಲೆ. ಕೊನೆಗೆ ಸತ್ಯವನ್ನು ಎದುರಿಗಿಟ್ಟು, ಬೆಳಗ್ಗೆ ಪೋಲೀಸರಿಗೆ ತಿಳಿಸುತ್ತೇನೆ, ಅಷ್ಟರೊಳಗೆ ನಿಮಗೆ ಇನ್ನೊಂದು ದಾರಿಯಿದೆ, ನಿಮ್ಮ ಅಕ್ಕನ ಮುಖ ನೋಡಿ ಈ ಅವಕಾಶ ಕೊಡುತ್ತಿದ್ದೇನೆ ಎನ್ನುತ್ತಾನೆ. ಫೆರರ್ಸಳ ಪ್ರಾಣ ತೆಗೆದ ಔಷಧವೇ ವೈದ್ಯನ ದಾರಿಯೂ ಆಗುತ್ತದೆ. ರಾಯರಿಗೆ ಇದು ಸರಿಬೀಳಲಿಲ್ಲ. ನ್ಯಾಯಾಲಯವಿಲ್ಲ, ವಿಚಾರಣೆಯಿಲ್ಲ, ತೀರ್ಪನ್ನು ಖಾಸಗಿ ಮನುಷ್ಯನೊಬ್ಬ ಕೊಟ್ಟುಬಿಡುವುದು ಯಾವ ಶಾಸ್ತ್ರ ಎಂದರು. ನಾನೂ ಅವರ ಪಕ್ಷವೇ.

ಆಗ ಮಾತನಾಡಿದವರು ಆ ಮನೆಯ ಹಿರಿಯಾಕೆ. ಅವರು ಎಂದೂ ಚರ್ಚೆಗೆ ಸೇರಿದವರಲ್ಲ. ಕಾಫಿಯ ಲೋಟಗಳನ್ನು ತೆಗೆಯಲು ಬಂದವರು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಸೊಸೆಯ ಪ್ರತಿಯನ್ನು ಎರಡು ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದ್ದರೆಂಬುದು ನಮಗೆ ತಿಳಿದದ್ದು ಆಗಲೇ.

“ಅಲ್ಲ ರಾಯರೆ, ಅವಳಿಗೆ ಗೊತ್ತಿತ್ತೆ?” ಎಂದರು.

“ಯಾರಿಗೆ, ಅಮ್ಮಾ?”

“ಅವನ ಅಕ್ಕನಿಗೆ. ಊರಿನವರ ಮನೆಯ ಸಾಸಿವೆ ಡಬ್ಬಿಯಲ್ಲಿ ಏನಿದೆಯೆಂದು ಹೇಳಬಲ್ಲವಳು. ತನ್ನ ಮನೆಯಲ್ಲಿ ದಿನಾ ಎದುರಿಗೆ ಕುಳಿತು ಉಣ್ಣುವ ತಮ್ಮನನ್ನು ಕಾಣಲಿಲ್ಲವೆ? ಅಥವಾ ಕಂಡೂ ಕಾಣದ ಹಾಗೆ ಇದ್ದಳೆ?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಪುಸ್ತಕದ ನಡುವೆ ಒಂದು ಕಡೆ, ಜೇಮ್ಸ್ ದುರ್ಬಲ ಮನಸ್ಸಿನವನು ಎಂದು ಅಕ್ಕ ಪ್ವಾರೋವಿನ ಮುಂದೆ ಆಡಿಬಿಡುತ್ತಾಳೆ. ಪ್ವಾರೋ ಆಗ ಸಾಧಾರಣ ಮನುಷ್ಯನೊಬ್ಬನ ಕಥೆಯನ್ನು ಊಹಿಸಿ ಹೇಳುತ್ತಾನೆ: ಕೊಲೆಯ ಯೋಚನೆಯೇ ಇಲ್ಲದವನು, ಒಳಗೆಲ್ಲೋ ಒಂದು ಎಳೆ ದೌರ್ಬಲ್ಯವಿರುವವನು, ಹಣದ ಆಸೆಗೆ ಜಾರಿದವನು. ತಮ್ಮ ಅದನ್ನು ಕೇಳುತ್ತ ಕುಳಿತಿದ್ದಾನೆ. ಅಕ್ಕನೂ ಕೇಳುತ್ತಾಳೆ. ಆ ಮಾತು ಅವಳನ್ನು ಎಲ್ಲಿ ಮುಟ್ಟಿತೆಂಬುದನ್ನು ಕ್ರಿಸ್ಟಿಯವರು ಬರೆದಿಲ್ಲ; ಬರೆಯುತ್ತಿರುವವನು ತಮ್ಮನಾದ್ದರಿಂದ ಬರೆಯಲಾರರು. 1998ರಲ್ಲಿ ಪಿಯೆರ್ ಬಯಾರ್ ಎಂಬ ಫ್ರೆಂಚ್ ವಿದ್ವಾಂಸರು ಒಂದು ಪುಸ್ತಕವನ್ನೇ ಬರೆದು, ಪ್ವಾರೋ ತಪ್ಪಿದ, ನಿಜವಾಗಿ ಕೊಂದವಳು ತಮ್ಮನನ್ನು ಕಾಯಲು ಹೊರಟ ಅಕ್ಕ ಎಂದು ವಾದಿಸಿದರು. ಜಾಣತನದ ವಾದ, ನನಗೆ ನಂಬಿಕೆ ಬರಲಿಲ್ಲ. ಆದರೆ ಓದುಗನ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ಆಕೆಯ ಮೇಲೆಯೇ ಎಂಬುದು ನಿಜ. ಕ್ರಿಸ್ಟಿಯವರಿಗೂ ಆಕೆ ಬಹು ಪ್ರಿಯಳು. 1928ರಲ್ಲಿ ಈ ಕಾದಂಬರಿಯನ್ನು ನಾಟಕ ಮಾಡಿದವರು ಕ್ಯಾರೊಲೈನಳನ್ನು ತೆಗೆದು ಆ ಜಾಗದಲ್ಲಿ ಚೆಲುವೆಯಾದ ತರುಣಿಯೊಬ್ಬಳನ್ನು ತಂದರು. ಅದರಿಂದ ತಮಗಾದ ನೋವನ್ನು ಕ್ರಿಸ್ಟಿಯವರು ಬರೆದುಕೊಂಡಿದ್ದಾರೆ. ಮುಂದೆ ಅವರ ಕೈಯಿಂದ ಮಿಸ್ ಮಾರ್ಪಲ್ ಎಂಬ, ಹೆಣಿಗೆ ಹಾಕುತ್ತ ಹಳ್ಳಿಯ ಅಪರಾಧಗಳನ್ನು ಬಿಡಿಸುವ ಮುದುಕಿ ಹುಟ್ಟಿದ್ದು ಈ ಕ್ಯಾರೊಲೈನಳ ಋಣದಿಂದಲೇ.

ಹುಡುಗ ಕೇಳಿದ: “ಅಜ್ಜಿ, ನಿಮಗೇನು ಅನ್ನಿಸುತ್ತದೆ? ಗೊತ್ತಿತ್ತು ಎನ್ನುತ್ತೀರಾ?”

“ನನಗೇನು ಗೊತ್ತು ಮಗು” ಎಂದರು ಅವರು, ಲೋಟಗಳನ್ನು ತಟ್ಟೆಯ ಮೇಲೆ ಜೋಡಿಸುತ್ತ. “ಬೆಳಗ್ಗೆ ಎದ್ದು ಅವನಿಗೆಂದು ಚಹಾ ಮಾಡಿಕೊಂಡು ಮೇಲಕ್ಕೆ ಹೋಗಿ ಬಾಗಿಲು ತಟ್ಟುವವಳು ಅವಳೇ ತಾನೆ. ಅದನ್ನು ಯಾಕೆ ಬರೆಯಲಿಲ್ಲ ಅಂತ ನಾನು ಕೇಳುವುದು.”

ಹುಡುಗ ಕಡೆಯ ಪುಟವನ್ನು ತೆರೆದು ನೋಡಿದ. ಶೆಪರ್ಡ್ ಲೇಖನಿ ಕೆಳಗಿಡುವಾಗ ಬೆಳಗಿನ ಜಾವ ಐದು ಗಂಟೆ. ಮೈಯೆಲ್ಲ ದಣಿದಿದೆ, ಮನೆ ಮಲಗಿದೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.